ಹೆಸರು ತೆಗೆದರೆ ಸಾಕಾ? ಆಸ್ಪತ್ರೆಯ ದಾಖಲೆ, ಸಂಶೋಧನೆ ಮತ್ತು ನಮ್ಮ ಸಹಿ

ತಿಪಟೂರು ತೆಂಗು · ಶನಿವಾರ ಬೆಳಗ್ಗೆ 10:12

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ತುಂಬಾ ವರ್ಷದಿಂದ ಸಕ್ಕರೆ ಕಾಯಿಲೆ, ಈಗ ಕಿಡ್ನಿಗೂ ಸ್ವಲ್ಪ ತೊಂದರೆ. ತೋರಿಸುವ ಆಸ್ಪತ್ರೆಯಲ್ಲಿ (ಹೆಸರು ಬೇಡ) ಫೈಲು ಹೋಗಿ ಈಗ ಎಲ್ಲ ಕಂಪ್ಯೂಟರ್. ಈ ಸಲ ಕೌಂಟರ್‌ನಲ್ಲಿ ಟ್ಯಾಬ್ ಮುಂದಿಟ್ಟು "ಇಲ್ಲಿ ಸಹಿ ಮಾಡಿ" ಎಂದರು. ಓದಿದೆ. ಚಿಕಿತ್ಸೆಗೆ ಒಪ್ಪಿಗೆ, ಬಿಲ್ಲಿಗೆ ಒಪ್ಪಿಗೆ, ಕೊನೆಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಗುರುತು ತೆಗೆದ ಮಾಹಿತಿಯನ್ನು ಸಂಶೋಧನೆಗೂ ಸೇವೆಯ ಸುಧಾರಣೆಗೂ ಬಳಸಬಹುದು. ಮೂರಕ್ಕೂ ಸೇರಿ ಒಂದೇ ಸಹಿ. ಪೂರ್ತಿ ಇಂಗ್ಲಿಷ್‌ನಲ್ಲಿ.

"ಕೊನೆಯದು ಬೇಡ ಅಂದ್ರೆ?" ಎಂದು ಕೇಳಿದೆ. "ಹಾಗೆ ಆಪ್ಷನ್ ಇಲ್ಲ ಸಾರ್, ಮುಂದಕ್ಕೆ ಹೋಗಲ್ಲ ಇದು" ಎಂದಳು ಆ ಹುಡುಗಿ. ಹಿಂದೆ ಕ್ಯೂ ಬೆಳೆಯುತ್ತಿತ್ತು. ಸಹಿ ಹಾಕಿದೆ. ಆಮೇಲೆ ಅಭಾ ಸಂಖ್ಯೆಯನ್ನೂ (ಕೇಂದ್ರ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯ ನಂಬರ್) ಅಲ್ಲೇ ಮಾಡಿಕೊಟ್ಟರು.

ಸಂಶೋಧನೆ ನಡೆಯಬಾರದು ಎಂದು ನಾನು ಹೇಳುತ್ತಿಲ್ಲ. ಆದರೆ ಹೆಸರು ತೆಗೆದ ಮೇಲೆ ನಿಜವಾಗಿಯೂ ಭಯ ಬೇಡವಾ? ಈ ಕೆಲಸ ಗೊತ್ತಿರುವವರು ಹೇಳಿ.

_[ಆಸ್ಪತ್ರೆ ಇರುವ ರಸ್ತೆಯ ಹೆಸರನ್ನು ಈ ಪೋಸ್ಟ್‌ನಿಂದ ತೆಗೆಯಲಾಗಿದೆ. ನಿರ್ವಾಹಕ]_

ಬಿಸಿಬೇಳೆ · ಶನಿವಾರ ಬೆಳಗ್ಗೆ 10:30

ನಮ್ಮ ಫೋನ್ ನಂಬರ್ ಸೈಟ್ ಮಾರುವವರ ಹತ್ತಿರ ಇದೆ. ನಮ್ಮ ಸಕ್ಕರೆ ಎಷ್ಟು ಅಂತ ಲ್ಯಾಬ್‌ನವನಿಗೆ, ಮೆಡಿಕಲ್ ಸ್ಟೋರ್‌ನವನಿಗೆ, ಮೇಲಿನ ಮನೆಯವರಿಗೆ ಗೊತ್ತು. ಇನ್ನೇನು ಉಳಿದಿದೆ ಗುರು ಮುಚ್ಚಿಡೋಕೆ? ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಸಾಲು-ಕಾಲಂ · ಶನಿವಾರ ಮಧ್ಯಾಹ್ನ 12:05

ಮೇಲಿನ ಮನೆಯವರಿಗೆ ಒಬ್ಬರ ಸಕ್ಕರೆ ಗೊತ್ತಿರುವುದು ಬೇರೆ. ಲಕ್ಷಾಂತರ ಜನರ ಹತ್ತು ವರ್ಷದ ಕಾಯಿಲೆ ಕಸಾಲೆ ಒಂದೇ ಫೈಲಿನಲ್ಲಿ ಇರುವುದು ಬೇರೆ.

ಆಸ್ಪತ್ರೆ ಸಾಫ್ಟ್‌ವೇರ್ ನನ್ನ ಹೊಟ್ಟೆಪಾಡು. "ಗುರುತು ತೆಗೆದ" ಅಂದರೆ ಹೆಚ್ಚಿನ ಕಡೆ ಹೆಸರು, ಫೋನ್, ಆಧಾರ್, ಮನೆ ವಿಳಾಸದ ಕಾಲಂ ಅಳಿಸುತ್ತಾರೆ, ಅಷ್ಟೇ. ಹುಟ್ಟಿದ ದಿನ, ಪಿನ್ ಕೋಡ್, ಅಡ್ಮಿಟ್ ಆದ ತಾರೀಖು ಉಳಿಯುತ್ತವೆ. ಸಂಶೋಧಕರಿಗೆ ಬೇಕಾಗಿರುವುದೇ ಅವು.

ಇದರ ಹಳೆಯ ಕಥೆ ಅಮೆರಿಕದ ಮ್ಯಾಸಚೂಸೆಟ್ಸ್‌ನದು. 1990ರ ದಶಕದಲ್ಲಿ ಅಲ್ಲಿನ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟರು. ಗೌರ್ನರ್ ವಿಲಿಯಂ ವೆಲ್ಡ್ "ಯಾರ ಖಾಸಗಿತನಕ್ಕೂ ತೊಂದರೆಯಿಲ್ಲ" ಎಂದು ಭರವಸೆ ಕೊಟ್ಟಿದ್ದರು. ಆಗ ಎಂಐಟಿಯಲ್ಲಿ ಓದುತ್ತಿದ್ದ ಲಟಾನ್ಯಾ ಸ್ವೀನಿ 20 ಡಾಲರ್ ಕೊಟ್ಟು ಕೇಂಬ್ರಿಜ್ ಊರಿನ ಮತದಾರರ ಪಟ್ಟಿ ತಂದರು. ವೆಲ್ಡ್ ಹುಟ್ಟಿದ ದಿನವೇ ಹುಟ್ಟಿದವರು ಆ ಪಟ್ಟಿಯಲ್ಲಿ ಆರು ಜನ. ಅವರಲ್ಲಿ ಗಂಡಸರು ಮೂವರು. ವೆಲ್ಡ್ ಅವರ ಪಿನ್ ಕೋಡ್‌ನಲ್ಲಿ ಇದ್ದವರು ಒಬ್ಬರೇ. ಗೌರ್ನರ್ ಸಾಹೇಬರ ಆಸ್ಪತ್ರೆ ದಾಖಲೆ ಆಕೆಯ ಕೈಗೆ ಬಂತು.

ಅಷ್ಟು ದೂರ ಯಾಕೆ, ನಮ್ಮಲ್ಲೇ ನೋಡಿ. 2020ರಲ್ಲಿ ನಮ್ಮ ಆರೋಗ್ಯ ಇಲಾಖೆ ದಿನಾ ಕೋವಿಡ್ ಬುಲೆಟಿನ್ ಬಿಡುತ್ತಿತ್ತು, ನೆನಪಿದೆಯಾ? ಹೆಸರು ಎಲ್ಲೂ ಇಲ್ಲ. ಪಿ ಮುಂದೆ ಒಂದು ನಂಬರ್, ವಯಸ್ಸು, ಗಂಡೋ ಹೆಣ್ಣೋ, ಎಲ್ಲಿಯವರು, ಎಲ್ಲಿಂದ ಬಂದರು, ಯಾವ ಪಿ ನಂಬರಿನವರ ಸಂಪರ್ಕ. ಬೆಂಗಳೂರಿನಲ್ಲಿ ಕೂತವರಿಗೆ ಅದು ಬರೀ ಅಂಕಿ. ಆದರೆ ಸಣ್ಣ ಊರಿನಲ್ಲಿ "34 ವರ್ಷದ ಗಂಡಸು, ಮುಂಬೈನಿಂದ ಬಂದವರು" ಅಂದರೆ ಯಾರ ಮನೆ ಎಂದು ಹತ್ತು ನಿಮಿಷದಲ್ಲಿ ವಾಟ್ಸ್ಯಾಪ್‌ನಲ್ಲಿ ಗೊತ್ತಾಗುತ್ತಿತ್ತು. ಅದಕ್ಕೂ ಮುಂಚೆ, ಮಾರ್ಚ್‌ನಲ್ಲೇ, ವಿದೇಶದಿಂದ ಬಂದು ಹೋಂ ಕ್ವಾರಂಟೈನ್‌ನಲ್ಲಿದ್ದವರ ಮನೆ ವಿಳಾಸದ ಪಟ್ಟಿಯನ್ನೇ ಸರ್ಕಾರ ಬಹಿರಂಗ ಮಾಡಿತ್ತು. ಕೈಗೆ ಸೀಲು ಬೇರೆ.

ಇನ್ನೊಂದು ಕಡೆಯಿಂದಲೂ ಹೇಳಬೇಕು. ಯಾರಿಂದ ಯಾರಿಗೆ ಹರಡಿತು ಎಂದು ಅಷ್ಟು ವಿವರವಾಗಿ ಬರೆದಿಟ್ಟ ರಾಜ್ಯಗಳು ಕಡಿಮೆ. ಕರ್ನಾಟಕದ ಆ ಸಂಪರ್ಕ ಪತ್ತೆಯ ಮಾಹಿತಿಯಿಂದ ಒಳ್ಳೆಯ ಸಂಶೋಧನಾ ಲೇಖನಗಳೂ ಬಂದವು. ಸಂಶೋಧಕರಿಗೆ ಕೆಲಸಕ್ಕೆ ಬಂದದ್ದು ಯಾವ ವಿವರವೋ ಊರಿನವರಿಗೆ ಮನೆ ತೋರಿಸಿಕೊಟ್ಟದ್ದೂ ಅದೇ ವಿವರ. ಇದೇ ಈ ವಿಷಯದ ಕಷ್ಟ. ಒಂದನ್ನು ಕಿತ್ತು ಇನ್ನೊಂದನ್ನು ಉಳಿಸಲು ಆಗುವುದಿಲ್ಲ.

ಬಿಸಿಬೇಳೆ · ಶನಿವಾರ ಮಧ್ಯಾಹ್ನ 12:21

ಓಹೋ. ಹಾಗಾದ್ರೆ ತೆಂಗು ಅವರೇ, ತಿಪಟೂರು, ತಾಯಿಗೆ ಸಕ್ಕರೆ, ಈಗ ಕಿಡ್ನಿ, ಕರೆದುಕೊಂಡು ಹೋಗುವ ಮಗ, ಇಂಗ್ಲಿಷ್ ಸಮ್ಮತಿ ಪತ್ರ ಪೂರ್ತಿ ಓದುವ ಸ್ವಭಾವ. ಎಪಿಎಂಸಿ ಹತ್ತಿರ ಟೀ ಕುಡಿಯುತ್ತಾ ವಿಚಾರಿಸಿದರೆ ನಿಮ್ಮ ಮನೆಗೇ ಬರಬಹುದು. 😄

ತಿಪಟೂರು ತೆಂಗು · ಶನಿವಾರ ಮಧ್ಯಾಹ್ನ 12:40

ಬನ್ನಿ, ಎಳನೀರು ಕೊಡ್ತೀನಿ.

ಡಾ. ಮಾತ್ರೆ · ಶನಿವಾರ ರಾತ್ರಿ 9:48

ಡ್ಯೂಟಿ ಮುಗಿಸಿ ಈಗ ನೋಡಿದೆ. ಮೆಡಿಕಲ್ ಕಾಲೇಜಿನ ಒಳಗೆ ಏನಾಗುತ್ತದೆ ಎಂದು ಹೇಳುತ್ತೇನೆ. ಇದು ಯಾವುದೋ ಒಂದು ಕಾಲೇಜಿನ ಮಾತಲ್ಲ.

ಎಂಡಿ, ಎಂಎಸ್ ಮಾಡುವ ಪ್ರತಿಯೊಬ್ಬರೂ ಥೀಸಿಸ್ ಬರೆಯಬೇಕು. ಹಳೆಯ ಕೇಸ್ ಶೀಟ್ ನೋಡಿ ಬರೆಯುವುದು ಸುಲಭ. ಎಥಿಕ್ಸ್ ಕಮಿಟಿ (ಸಂಶೋಧನೆ ಸರಿಯಾದ ರೀತಿಯಲ್ಲಿ ನಡೆಯುತ್ತದೆಯಾ ಎಂದು ನೋಡುವ ಸಮಿತಿ) ಒಪ್ಪಿದರೆ ಪಿಜಿ ವಿದ್ಯಾರ್ಥಿ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ (ಎಂಆರ್‌ಡಿ) ಹೋಗಿ ಫೈಲ್ ತೆಗೆಸುತ್ತಾನೆ, ಇಲ್ಲವೇ ಕಂಪ್ಯೂಟರ್‌ನಿಂದ ಎಕ್ಸೆಲ್ ಇಳಿಸಿಕೊಳ್ಳುತ್ತಾನೆ. ಹೆಸರಿನ ಕಾಲಂ ಅಳಿಸುತ್ತಾನೆ, ಐಪಿ ನಂಬರ್ (ಅಡ್ಮಿಟ್ ಆದಾಗ ಕೊಡುವ ನಂಬರ್) ಹಾಗೇ ಉಳಿಸುತ್ತಾನೆ. ಯಾಕೆಂದರೆ ಗೈಡ್ ನಾಳೆ "ಈ ಕ್ರಿಯಾಟಿನಿನ್ ತಪ್ಪಿರಬೇಕು, ಫೈಲ್ ನೋಡು" ಎಂದರೆ ಹಿಂದಕ್ಕೆ ಹೋಗಬೇಕಲ್ಲ. ಆ ಎಕ್ಸೆಲ್ ಅವನ ಲ್ಯಾಪ್‌ಟಾಪ್‌ನಲ್ಲಿ, ಅಂಕಿಅಂಶ ಮಾಡಿಕೊಡುವವರ ಇಮೇಲ್‌ನಲ್ಲಿ, ಜೂನಿಯರ್‌ನ ಪೆನ್‌ಡ್ರೈವ್‌ನಲ್ಲಿ. ಕೋರ್ಸ್ ಮುಗಿದ ಮೇಲೆ ಅದನ್ನು ಅಳಿಸಿದೆಯಾ ಎಂದು ಯಾರೂ ಕೇಳುವುದಿಲ್ಲ. ಸಹಿ, ಕಮಿಟಿ, ಅನುಮತಿ ಎಲ್ಲ ಸರಿಯಾಗಿಯೇ ಇರುತ್ತದೆ. ಸೋರುವುದು ಅದರ ನಂತರ.

ಫೋಟೋಗಳದ್ದು ಇನ್ನೂ ಒಂದು ಕೈ ಮೇಲೆ. ಕಾನ್ಫರೆನ್ಸ್‌ಗೆ ಸ್ಲೈಡ್ ಮಾಡುವಾಗ ಎಕ್ಸ್‌ರೇಯ ಮೂಲೆಯಲ್ಲಿರುವ ಹೆಸರನ್ನು ಪವರ್‌ಪಾಯಿಂಟ್‌ನಲ್ಲಿ ಕ್ರಾಪ್ ಮಾಡುತ್ತಾರೆ. ಕ್ರಾಪ್ ಮಾಡಿದ ಭಾಗ ಫೈಲಿನೊಳಗೇ ಇರುತ್ತದೆ. ಸ್ಲೈಡ್ ಸಿಕ್ಕವರು ಅಂಚು ಹಿಡಿದು ಎಳೆದರೆ ಹೆಸರು, ವಯಸ್ಸು, ಆಸ್ಪತ್ರೆ ಎಲ್ಲ ವಾಪಸ್. ಸ್ಕ್ಯಾನ್‌ನ ಮೂಲ ಡೈಕಾಮ್ ಫೈಲಿನ ಹೊಟ್ಟೆಯಲ್ಲೂ ಹೆಸರು, ಹುಟ್ಟಿದ ದಿನ ಇರುತ್ತವೆ. ಅದನ್ನೂ ತೆಗೆದರೆ? 2019ರಲ್ಲಿ ಮೇಯೊ ಕ್ಲಿನಿಕ್‌ನವರು 84 ಜನರ ತಲೆಯ ಎಂಆರ್‌ಐಯಿಂದ ಮುಖವನ್ನು ಮತ್ತೆ ಕಟ್ಟಿ, ಮಾಮೂಲಿ ಫೋಟೋ ಜೊತೆ ಸಾಫ್ಟ್‌ವೇರ್‌ನಲ್ಲಿ ತಾಳೆ ನೋಡಿದರು. 70 ಜನ ಸರಿಯಾಗಿ ಸಿಕ್ಕಿಬಿಟ್ಟರು.

ಹಾಗಂತ ದಾಖಲೆ ಮುಟ್ಟಲೇಬೇಡಿ ಎಂದರೆ ಏನಾಗುತ್ತದೆ? ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಹತ್ತಿರ ಪತ್ತೆಯಾದದ್ದು. ಅದಕ್ಕೆ ಒಂದು ಲಸಿಕೆ ಇತ್ತು, ವರ್ಷಗಟ್ಟಲೆ ಚುಚ್ಚಿದರು. ಯಾರಿಗೆ ಲಸಿಕೆ ಆಗಿದೆ, ಯಾರಿಗೆ ಜ್ವರ ಬಂತು ಎಂದು 2005ರಿಂದ 2010ರವರೆಗಿನ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಎರಡು ಡೋಸ್‌ನ ರಕ್ಷಣೆ ಸುಮಾರು 62% ಮಾತ್ರ ಎಂದು ತಿಳಿಯಿತು. ಬೂಸ್ಟರ್ ತೆಗೆದುಕೊಂಡವರಲ್ಲಿ ಸುಮಾರು 83%. ಕೊನೆಗೆ 2022ರಲ್ಲಿ ಆ ಲಸಿಕೆಯೇ ನಿಂತುಹೋಯಿತು. ದಾಖಲೆ ತೆಗೆದು ನೋಡದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮಲೆನಾಡಿನ ಹತ್ತು ಮನೆಯ ಊರಲ್ಲಿ "ಕಾಡಿಗೆ ಹೋಗಿದ್ದ 50ರ ಹೆಂಗಸು" ಅಂದರೆ ಯಾರು ಎಂದು ಕೇಳಬೇಕಾ?

ಮಂಡ್ಯದ ಮಗಳು · ಭಾನುವಾರ ಬೆಳಗ್ಗೆ 7:15

ನಾನು ಸ್ತನ ಕ್ಯಾನ್ಸರ್ ಆಗಿ ಬದುಕಿ ಬಂದವಳು. ನನ್ನ ಮಾತು ಸ್ವಲ್ಪ ಒರಟಾಗಿರಬಹುದು, ಬೇಜಾರು ಬೇಡ.

ನನಗೆ ಯಾವ ಕೀಮೋ, ಎಷ್ಟು ಸಲ ಎಂದು ಡಾಕ್ಟರ್ ಹೇಳಿದ್ದು ಗಾಳಿಯಿಂದ ತೆಗೆದದ್ದಲ್ಲ. ನನಗಿಂತ ಮುಂಚೆ ಅದೇ ಹಾಸಿಗೆಯಲ್ಲಿ ಮಲಗಿದ್ದ ಹೆಂಗಸರ ದಾಖಲೆಗಳಿಂದ ಬಂದದ್ದು. ಅವರಲ್ಲಿ ಎಷ್ಟೋ ಜನ ಈಗ ಇಲ್ಲ. ಬೆಂಗಳೂರಿನಲ್ಲಿ ಕಿದ್ವಾಯಿಯವರು ಕ್ಯಾನ್ಸರ್ ನೋಂದಣಿ ನಡೆಸಿಕೊಂಡು ಬಂದಿದ್ದಾರೆ, 1982ರಿಂದ. ಅದರ ಸಿಬ್ಬಂದಿ ಆಸ್ಪತ್ರೆ ಆಸ್ಪತ್ರೆಗೆ ಹೋಗಿ ಕೇಸ್ ಬರೆದುಕೊಂಡು ಬರುತ್ತಾರೆ. ಅಲ್ಲಿ ಹೆಸರೂ ಬೇಕು. ಒಬ್ಬಳೇ ಲಕ್ಷ್ಮಮ್ಮ ಮೂರು ಆಸ್ಪತ್ರೆಗೆ ಹೋಗಿದ್ದರೆ, ಮೂರು ಕಡೆ ಮೂರು ಸ್ಪೆಲ್ಲಿಂಗ್‌ನಲ್ಲಿ ಬರೆದಿದ್ದರೆ, ಹೆಸರು ವಿಳಾಸ ನೋಡದೆ ಒಬ್ಬಳೇ ಎಂದು ಹೇಗೆ ಗೊತ್ತಾಗಬೇಕು? ಎಲ್ಲರ ಸಹಿ ಕೇಳುತ್ತಾ ಕೂತಿದ್ದರೆ ಅರ್ಧ ಲೆಕ್ಕ ಬಿಟ್ಟುಹೋಗುತ್ತದೆ. ಹೋಗುವುದು ಯಾರ ಲೆಕ್ಕ? ಬಡವರದ್ದು, ಓದು ಬಾರದವರದ್ದು.

ನನ್ನ ದಾಖಲೆ ಯಾರಿಗೆ ಬೇಕೋ ಬಳಸಿಕೊಳ್ಳಲಿ. ಆದರೆ ನನ್ನನ್ನು ಮೂರ್ಖಳನ್ನಾಗಿ ಮಾಡಿ ಬಳಸಬೇಡಿ. ಏನಕ್ಕೆ ಬಳಸಿದಿರಿ, ಏನು ಸಿಕ್ಕಿತು ಎಂದು ಒಂದು ಮಾತು ಹೇಳಿ. ಇಷ್ಟು ವರ್ಷದಲ್ಲಿ ಯಾರೂ ಹೇಳಿಲ್ಲ.

ಹೊಳೆದಂಡೆ · ಭಾನುವಾರ ಬೆಳಗ್ಗೆ 11:02

ಮಂಡ್ಯದ ಅಕ್ಕಾರ ಮಾತು ಖರೇ ಅದ. ಆದರೆ ಕ್ಯಾನ್ಸರ್ ಎಂದರೆ ಜನ ಕನಿಕರ ತೋರಿಸುತ್ತಾರೆ. ಕೆಲವು ಕಾಯಿಲೆಗೆ ಕಲ್ಲು ಹೊಡೆಯುತ್ತಾರೆ.

ನಾನು ಬಾಗಲಕೋಟೆ ಕಡೆ ಎಚ್‌ಐವಿ ಕೆಲಸದಲ್ಲಿ ಇದ್ದವನು. ಎಆರ್‌ಟಿ ಕೇಂದ್ರ (ಎಚ್‌ಐವಿ ಔಷಧ ಕೊಡುವ ಕೇಂದ್ರ) ನಮ್ಮ ಜಿಲ್ಲಾ ಆಸ್ಪತ್ರೆಯಲ್ಲೇ ಇದ್ದರೂ ಜನ ಬಸ್ ಹತ್ತಿ ಪಕ್ಕದ ಜಿಲ್ಲೆಗೆ ಹೋಗುತ್ತಿದ್ದರು. ಯಾಕೆ ಗೊತ್ತಾ? ಇಲ್ಲಿ ಔಷಧ ಕೊಡುವ ಕಿಟಕಿಯ ಮುಂದೆ ನಿಂತರೆ ಊರಿನವರು ಯಾರಾದರೂ ನೋಡುತ್ತಾರೆ. ಎಷ್ಟೋ ಮಂದಿ ಹೆಸರು ಬದಲಿಸಿ ಬರೆಸುತ್ತಿದ್ದರು. ಬೇರೆ ಊರು ಹೇಳುತ್ತಿದ್ದರು, ವಯಸ್ಸು ಹೆಚ್ಚುಕಡಿಮೆ ಮಾಡುತ್ತಿದ್ದರು. ಸಂಶೋಧನೆ ಮಾಡುವವರಿಗೆ ಇದು ತಿಳಿದಿರಲಿ: ನಂಬಿಕೆ ಹೋದರೆ ನಿಮಗೆ ಸಿಗುವ ಡೇಟಾನೇ ಸುಳ್ಳು. ಕಂಪ್ಯೂಟರ್ ಎಷ್ಟು ದೊಡ್ಡದಿದ್ದರೇನು?

2017ರ ಎಚ್‌ಐವಿ ಕಾಯಿದೆ ಚೊಲೊ ಕಾಯಿದೆ. ಒಪ್ಪಿಗೆ ಇಲ್ಲದೆ ಹೇಳಬಾರದು, ದಾಖಲೆ ಭದ್ರವಾಗಿ ಇಡಬೇಕು ಎಂದು ಅದರಲ್ಲೇ ಇದೆ. ಅದಕ್ಕೂ ಮುಂಚೆ ಪರಿಸ್ಥಿತಿ ಹೇಗಿತ್ತು ಅಂದರೆ, ಒಬ್ಬರ ಎಚ್‌ಐವಿ ವಿಷಯ ಆಸ್ಪತ್ರೆಯಿಂದ ಹೊರಬಿದ್ದು ಮದುವೆ ಮುರಿದು, ಅವರು ಸುಪ್ರೀಂ ಕೋರ್ಟ್‌ವರೆಗೆ ಹೋದರು. 1998ರಲ್ಲಿ ಕೋರ್ಟ್ ಆಸ್ಪತ್ರೆಯ ಕಡೆಗೇ ನಿಂತಿತು.

ಇನ್ನೊಂದು. ಒಬ್ಬೊಬ್ಬರ ಗುರುತು ತೆಗೆದರೂ ಓಣಿಯ ಗುರುತು, ಜಾತಿಯ ಗುರುತು ಉಳಿಯುತ್ತದೆ. "ಇಂಥ ತಾಲ್ಲೂಕಿನ ಇಂಥ ಸಮುದಾಯದಲ್ಲಿ ಸೋಂಕು ಜಾಸ್ತಿ" ಎಂದು ಪೇಪರಿನಲ್ಲಿ ಬಂದ ಮರುದಿನ ಆ ಊರಿನ ಹೆಣ್ಣುಮಕ್ಕಳಿಗೆ ಏನಾಗುತ್ತದೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಅಮೆರಿಕದ ಹವಸುಪೈ ಎಂಬ ಬುಡಕಟ್ಟಿನವರದ್ದೂ ಇದೇ ಗೋಳು. ಸಕ್ಕರೆ ಕಾಯಿಲೆ ಅಧ್ಯಯನ ಎಂದು ರಕ್ತ ಕೊಟ್ಟರು. ವಿಶ್ವವಿದ್ಯಾಲಯದವರು ಅದೇ ರಕ್ತದಲ್ಲಿ ಸ್ಕಿಜೋಫ್ರೀನಿಯಾ, ಅವರ ಪೂರ್ವಜರು ಎಲ್ಲಿಂದ ಬಂದರು ಎಂಬುದನ್ನೆಲ್ಲ ಹುಡುಕಿದರು. 2010ರಲ್ಲಿ 7 ಲಕ್ಷ ಡಾಲರ್ ಕೊಟ್ಟು, ಉಳಿದ ರಕ್ತ ವಾಪಸ್ ಮಾಡಿ ರಾಜಿ ಮಾಡಿಕೊಂಡರು.

ಬಿಸಿಬೇಳೆ · ಭಾನುವಾರ ಬೆಳಗ್ಗೆ 11:20

ಸರಿ, ನನ್ನ ಮೊದಲ ಕಾಮೆಂಟ್‌ಗೆ ಯಾರೂ ಲೈಕ್ ಯಾಕೆ ಕೊಡಲಿಲ್ಲ ಅಂತ ಈಗ ಗೊತ್ತಾಯಿತು. ಹೊಳೆದಂಡೆ ಅಣ್ಣ, 🙏.

ಆದ್ರೆ ಕೇಳಿ, ಇಷ್ಟೆಲ್ಲ ಒಂದೇ ಕಡೆ ಕೂಡಿಟ್ಟರೆ ಹ್ಯಾಕ್ ಆಗಲ್ವಾ? ದೆಹಲಿ ಏಮ್ಸ್ ಆಸ್ಪತ್ರೆಯ ಕಂಪ್ಯೂಟರ್‌ಗಳು 2022ರ ನವೆಂಬರ್‌ನಲ್ಲಿ ಲಾಕ್ ಆಗಿ ಡಾಕ್ಟರುಗಳು ವಾರಗಟ್ಟಲೆ ಕೈಯಲ್ಲೇ ಚೀಟಿ ಬರೆದರಲ್ಲ.

ಡಾ. ಮಾತ್ರೆ · ಭಾನುವಾರ ಮಧ್ಯಾಹ್ನ 1:33

ಏಮ್ಸ್‌ದು ಕೆಲಸ ನಿಂತ ಕಥೆ. ಅದಕ್ಕಿಂತ ಕೆಟ್ಟದ್ದು ಫಿನ್‌ಲೆಂಡ್‌ನ ವಸ್ತಾಮೊದು. ಮನಸ್ಸಿನ ಕಾಯಿಲೆಗೆ ಥೆರಪಿ ಕೊಡುವ ಕ್ಲಿನಿಕ್‌ಗಳು. ಸುಮಾರು 33,000 ಜನರ ದಾಖಲೆ ಕದ್ದವನು 2020ರಲ್ಲಿ ಕಂಪನಿ ದುಡ್ಡು ಕೊಡದಿದ್ದಾಗ ರೋಗಿಗಳಿಗೇ ನೇರವಾಗಿ ಇಮೇಲ್ ಹಾಕಿದ. 24 ಗಂಟೆಯಲ್ಲಿ 200 ಯೂರೋ ಕೊಡಿ, ಇಲ್ಲದಿದ್ದರೆ ನೀವು ಥೆರಪಿಸ್ಟ್ ಮುಂದೆ ಹೇಳಿದ್ದನ್ನೆಲ್ಲ ಹಾಕುತ್ತೇನೆ ಎಂದು. 2024ರಲ್ಲಿ ಅವನಿಗೆ ಆರು ವರ್ಷಕ್ಕೂ ಹೆಚ್ಚು ಜೈಲಾಯಿತು. ಪಾಸ್‌ವರ್ಡ್ ಬದಲಾಯಿಸಬಹುದು, ಥೆರಪಿಯಲ್ಲಿ ಹೇಳಿದ್ದನ್ನು ಬದಲಾಯಿಸುವುದು ಹೇಗೆ?

ಲಂಕಾಷೈರ್ ಕನ್ನಡಿಗ · ಭಾನುವಾರ ಸಂಜೆ 6:50

ಇಂಗ್ಲೆಂಡಿನಲ್ಲಿ ಜಿಪಿ (ಫ್ಯಾಮಿಲಿ ಡಾಕ್ಟರ್) ಕ್ಲಿನಿಕ್‌ನ ಫಾರ್ಮಸಿಸ್ಟ್ ನಾನು. ಇಲ್ಲಿ ಈ ಜಗಳ ಹತ್ತು ವರ್ಷಕ್ಕೂ ಜಾಸ್ತಿ ನಡೆದಿದೆ. ಅದರಿಂದ ನಮ್ಮೂರಿಗೆ ಕಲಿಯಲು ಬೇಕಾದಷ್ಟಿದೆ, ಸ್ವಲ್ಪ ಉದ್ದವಾಗುತ್ತದೆ.

ಇಲ್ಲಿ ಎಲ್ಲರಿಗೂ ಒಬ್ಬ ಜಿಪಿ ಡಾಕ್ಟರ್, ಎಲ್ಲರ ದಾಖಲೆಯೂ ಕಂಪ್ಯೂಟರ್‌ನಲ್ಲಿ, ಎಲ್ಲರಿಗೂ ಒಂದು ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ನಂಬರ್. ಸಂಶೋಧಕರಿಗೆ ಇದಕ್ಕಿಂತ ಇನ್ನೇನು ಬೇಕು. ಅವೆಲ್ಲವನ್ನೂ ಒಂದೇ ಕಡೆ ಸೇರಿಸಲು ಕೇರ್.ಡೇಟಾ ಎಂಬ ಯೋಜನೆ ತಂದರು. 2014ರ ಜನವರಿಯಲ್ಲಿ ಮನೆಮನೆಗೆ ಕರಪತ್ರ ಹಾಕಿದರು. ಜನ ಅದನ್ನು ಪಿಜ್ಜಾ ಜಾಹೀರಾತಿನ ಜೊತೆ ಕಸಕ್ಕೆ ಹಾಕಿದರು. ಅಷ್ಟರಲ್ಲಿ ಹಳೆಯ ಆಸ್ಪತ್ರೆ ದಾಖಲೆಗಳು ವಿಮೆ ಲೆಕ್ಕಾಚಾರ ಮಾಡುವವರ ಸಂಘಕ್ಕೂ ಹೋಗಿದ್ದವು ಎಂದು ಪತ್ರಿಕೆಯಲ್ಲಿ ಬಂತು. ದೊಡ್ಡ ಗಲಾಟೆ. 2016ರಲ್ಲಿ ಯೋಜನೆ ಮುಚ್ಚಿದರು.

ಬುದ್ಧಿ ಬಂತು ಅಂದುಕೊಂಡರೆ, 2021ರಲ್ಲಿ ಅದನ್ನೇ ಬೇರೆ ಹೆಸರಲ್ಲಿ ತಂದರು. ಬೇಡ ಎನ್ನುವವರು ಜೂನ್ 23ರೊಳಗೆ ಹೇಳಬೇಕು ಎಂದರು. ಒಂದೇ ತಿಂಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ "ನಮ್ಮದು ಬೇಡ" ಎಂದು ಬರೆದುಕೊಟ್ಟರು. ಅದೂ ಅನಿರ್ದಿಷ್ಟ ಕಾಲ ಮುಂದಕ್ಕೆ ಹೋಯಿತು. ಹೀಗೆ ಹೋದ ನಂಬಿಕೆ ಸುಲಭಕ್ಕೆ ವಾಪಸ್ ಬರುವುದಿಲ್ಲ. ಮಂಡ್ಯದ ಮೇಡಂ ಹೇಳಿದ ಬಿಟ್ಟುಹೋದ ಲೆಕ್ಕ ಇದೇ. ಈ ಸಲ ಬಿಟ್ಟುಹೋದವರು ಓದಿದವರು, ಅಷ್ಟೇ ವ್ಯತ್ಯಾಸ.

ಈಗ ಒಳ್ಳೆಯ ಸುದ್ದಿ. ಕೋವಿಡ್ ಬಂದಾಗ ಆಕ್ಸ್‌ಫರ್ಡ್‌ನ ಬೆನ್ ಗೋಲ್ಡೇಕರ್ ಮತ್ತು ಲಂಡನ್‌ನವರು ಸೇರಿ ಓಪನ್‌ಸೇಫ್ಲಿ ಎಂದು ಒಂದು ವ್ಯವಸ್ಥೆ ಕಟ್ಟಿದರು. ದಾಖಲೆಯನ್ನು ಸಂಶೋಧಕರಿಗೆ ಕಳಿಸುವುದೇ ಇಲ್ಲ. ಅದು ಜಿಪಿ ಸಾಫ್ಟ್‌ವೇರ್ ಕಂಪನಿಯ ಸರ್ವರ್‌ನಲ್ಲಿ ಇದ್ದಲ್ಲೇ ಇರುತ್ತದೆ. ಸಂಶೋಧಕರು ನಕಲಿ ಡೇಟಾ ಮೇಲೆ ಪ್ರೋಗ್ರಾಂ ಬರೆದು ಪರೀಕ್ಷೆ ಮಾಡಿ, ಆ ಪ್ರೋಗ್ರಾಂ ಅನ್ನು ಒಳಗೆ ಕಳಿಸುತ್ತಾರೆ. ಹೊರಗೆ ಬರುವುದು ಬರೀ ಕೋಷ್ಟಕ, ಅದೂ ಸಣ್ಣ ಸಂಖ್ಯೆಗಳನ್ನು ಮರೆಮಾಡಿ, ಒಬ್ಬರು ಪರಿಶೀಲಿಸಿದ ಮೇಲೆ. ಗ್ರಂಥಾಲಯದ ರೆಫರೆನ್ಸ್ ವಿಭಾಗ ಇದ್ದ ಹಾಗೆ. ಅಲ್ಲೇ ಓದಿ, ಟಿಪ್ಪಣಿ ಬರೆದುಕೊಳ್ಳಿ, ಪುಸ್ತಕ ಮನೆಗೆ ಇಲ್ಲ.

ಯಾರು, ಯಾವಾಗ, ಯಾವ ಪ್ರೋಗ್ರಾಂ ಓಡಿಸಿದರು ಎಂಬುದು ಸಾರ್ವಜನಿಕವಾಗಿ ಇರುತ್ತದೆ. ನಾನು, ನೀವು, ಯಾರು ಬೇಕಾದರೂ ನೋಡಬಹುದು. 2020ರ ಜುಲೈ ಹೊತ್ತಿಗೇ 1.7 ಕೋಟಿ ಜನರ ದಾಖಲೆ ನೋಡಿ ಕೋವಿಡ್‌ನಲ್ಲಿ ಯಾರಿಗೆ ಸಾವಿನ ಅಪಾಯ ಹೆಚ್ಚು ಎಂದು ಹೇಳಿದರು. ನಮ್ಮಂಥ ದಕ್ಷಿಣ ಏಷ್ಯಾದವರಿಗೆ ಬಿಳಿಯರಿಗಿಂತ ಹೆಚ್ಚು ಎಂದು ದೊಡ್ಡ ಮಟ್ಟದಲ್ಲಿ ಕಂಡದ್ದು ಅದರಲ್ಲೇ. ಒಬ್ಬರ ದಾಖಲೆಯೂ ಹೊರಗೆ ಹೋಗಲಿಲ್ಲ.

ಅಂದರೆ ಡಾ. ಮಾತ್ರೆ ಹೇಳಿದ ಪೆನ್‌ಡ್ರೈವ್ ಸಮಸ್ಯೆಗೆ ಉತ್ತರ ಇದೆ. ಒಪ್ಪಿಗೆ ಪತ್ರವನ್ನು ಎಷ್ಟು ಉದ್ದ ಮಾಡಿದರೂ ಸಿಗದ ಉತ್ತರ: ನಕಲು ಕೊಡಬೇಡಿ.

ಡಾ. ಮಾತ್ರೆ · ಭಾನುವಾರ ರಾತ್ರಿ 10:11

ಇದಕ್ಕೆ ಒಂದು ಸೇರಿಸುತ್ತೇನೆ. "ಗೌಪ್ಯ, ತೋರಿಸಲು ಆಗಲ್ಲ" ಎಂಬ ಮಾತೂ ಕಳ್ಳರಿಗೆ ಅನುಕೂಲ. 2020ರ ಮೇ ತಿಂಗಳಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ, ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಕೋವಿಡ್ ರೋಗಿಗಳಿಗೆ ಅಪಾಯ ಎಂಬ ಲೇಖನ ಬಂತಲ್ಲ? 671 ಆಸ್ಪತ್ರೆ, 96,000 ರೋಗಿಗಳು ಎಂದು. ಸರ್ಜಿಸ್ಫಿಯರ್ ಎಂಬ ಕಂಪನಿಯ ಡೇಟಾ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದ ಆ ಭಾಗವನ್ನೇ ನಿಲ್ಲಿಸಿತು. ಮೂಲ ಡೇಟಾ ತೋರಿಸಿ ಎಂದರೆ, ಆಸ್ಪತ್ರೆಗಳ ಜೊತೆ ಗೌಪ್ಯತೆಯ ಒಪ್ಪಂದ ಇದೆ ಎಂದರು. ಎರಡೇ ವಾರದಲ್ಲಿ ಲೇಖನ ವಾಪಸ್. ರೋಗಿಯನ್ನು ಮರೆಮಾಡಬೇಕು, ಸಂಶೋಧಕನನ್ನು ಅಲ್ಲ.

ಕರಿಕೋಟು · ಸೋಮವಾರ ಬೆಳಗ್ಗೆ 8:20

ಕೋರ್ಟಿಗೆ ಹೊರಡುವ ಮುಂಚೆ ಕಾನೂನು ಎಷ್ಟಿದೆಯೋ ಅಷ್ಟು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ. ಅದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಆಸ್ಪತ್ರೆಗಳಂಥವರ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳು. ಅಲ್ಲಿಯವರೆಗೆ 2011ರ ಹಳೆಯ ಐಟಿ ನಿಯಮಗಳು.

ತೆಂಗು ಅವರ ಪ್ರಶ್ನೆಗೆ ಬರೋಣ. ಒಪ್ಪಿಗೆ ಸ್ವತಂತ್ರವಾಗಿರಬೇಕು, ಇಂಥದ್ದಕ್ಕೇ ಎಂದು ಇರಬೇಕು, ಷರತ್ತು ಇರಬಾರದು ಎನ್ನುತ್ತದೆ ಹೊಸ ಕಾಯಿದೆಯ 6ನೇ ಸೆಕ್ಷನ್. ಅಲ್ಲೇ ಒಂದು ಉದಾಹರಣೆಯನ್ನೂ ಕೊಟ್ಟಿದ್ದಾರೆ. ಫೋನಿನಲ್ಲೇ ವೈದ್ಯರನ್ನು ಕಾಣುವ ಆ್ಯಪ್ ಒಂದು ಚಿಕಿತ್ಸೆಗೂ ಒಪ್ಪಿಗೆ ಕೇಳಿ, ಜೊತೆಗೆ ಫೋನಿನ ಕಾಂಟ್ಯಾಕ್ಟ್ ಪಟ್ಟಿಗೂ ಕೇಳುತ್ತದೆ. ಎರಡಕ್ಕೂ ಹೂಂ ಎಂದರೂ ಎರಡನೆಯದಕ್ಕೆ ಬೆಲೆಯಿಲ್ಲ, ಅದು ಚಿಕಿತ್ಸೆಗೆ ಬೇಕಾಗಿಲ್ಲ. ನಿಮ್ಮ "ಮೂರಕ್ಕೂ ಒಂದೇ ಸಹಿ" ಇದರ ಪಕ್ಕದ ಮನೆಯದ್ದೇ. ಇನ್ನೊಂದು, ಒಪ್ಪಿಗೆಯ ಕೋರಿಕೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕು. ಕನ್ನಡದಲ್ಲಿ ಕೇಳಿ, ನಾಚಿಕೆ ಬೇಡ.

ಆದರೆ ಹಿಂಬಾಗಿಲು ಇದೆ. 17ನೇ ಸೆಕ್ಷನ್ ಪ್ರಕಾರ ಸಂಶೋಧನೆ ಮತ್ತು ಅಂಕಿಅಂಶದ ಕೆಲಸಕ್ಕೆ ವಿನಾಯಿತಿ. ಎರಡು ಷರತ್ತು: ಆ ಮಾಹಿತಿಯಿಂದ ನಿಮ್ಮೊಬ್ಬರ ಬಗ್ಗೆಯೇ ಯಾವ ತೀರ್ಮಾನವೂ ಆಗಬಾರದು, ಮತ್ತು ಸರ್ಕಾರ ಹೇಳಿದ ಮಾನದಂಡ ಪಾಲಿಸಬೇಕು. ಸಂಶೋಧನೆ ಹೆಸರಲ್ಲಿ ತೆಗೆದುಕೊಂಡು ನಿಮ್ಮ ವಿಮೆ ಕಂತು ಏರಿಸುವಂತಿಲ್ಲ. ಆದರೆ "ಸಂಶೋಧನೆ" ಅಂದರೆ ಏನು? ಕಾಲೇಜಿನ ಥೀಸಿಸ್ ಮಾತ್ರವಾ, ಔಷಧ ಕಂಪನಿಯ ಮಾರುಕಟ್ಟೆ ಸಮೀಕ್ಷೆಯೂ ಸೇರುತ್ತದಾ? ಗೆರೆ ಎಲ್ಲಿದೆ ಎಂದು ಕಾಯಿದೆ ಹೇಳುವುದಿಲ್ಲ. ಆರೋಗ್ಯ ಮಾಹಿತಿಗೆ ಬೇರೆ, ಬಿಗಿಯಾದ ದರ್ಜೆಯನ್ನೂ ಕೊಟ್ಟಿಲ್ಲ. 2011ರ ನಿಯಮದಲ್ಲಿ ಅದು ಸೂಕ್ಷ್ಮ ಮಾಹಿತಿ ಎಂದಿತ್ತು, ಹೊಸದರಲ್ಲಿ ಹೋಯಿತು. ನನಗೆ ಸರಿ ಕಾಣದ್ದು ಇದೇ.

ಉಳಿದದ್ದು ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ. ಅಪಾಯ ತೀರಾ ಕಡಿಮೆ ಇದ್ದರೆ, ಗುರುತು ತೆಗೆದ ಹಳೆಯ ದಾಖಲೆಗೆ ರೋಗಿಯ ಒಪ್ಪಿಗೆ ಬೇಡ ಎಂದು ಎಥಿಕ್ಸ್ ಕಮಿಟಿ ವಿನಾಯಿತಿ ಕೊಡಬಹುದು. ಕಮಿಟಿಯ ಅಧ್ಯಕ್ಷರು ಹೊರಗಿನವರೇ ಆಗಿರಬೇಕು, ಒಬ್ಬ ಸಾಮಾನ್ಯ ಪ್ರಜೆಯೂ ಇರಬೇಕು. ಹಾಗೆ ಕೂತವರು "ಎಕ್ಸೆಲ್ ಎಲ್ಲಿಡುತ್ತೀರಿ, ಯಾವಾಗ ಅಳಿಸುತ್ತೀರಿ" ಎಂದು ಕೇಳಿದರೆ ಅರ್ಧ ಕೆಲಸ ಆಗುತ್ತದೆ.

ತಿಪಟೂರು ತೆಂಗು · ಸೋಮವಾರ ಬೆಳಗ್ಗೆ 9:05

ಥ್ಯಾಂಕ್ಸ್ ಸಾರ್. ಅಭಾ ಸಂಖ್ಯೆ ಮಾಡಿಸಿದ್ದರಿಂದ ಅಮ್ಮನ ದಾಖಲೆ ಎಲ್ಲ ದೆಹಲಿಗೆ ಹೋಯಿತಾ?

ಸಾಲು-ಕಾಲಂ · ಸೋಮವಾರ ಮಧ್ಯಾಹ್ನ 1:15

ಇಲ್ಲ. 14 ಅಂಕಿಯ ಆ ಸಂಖ್ಯೆ ಒಂದು ಕೊಂಡಿ ಮಾತ್ರ. ದಾಖಲೆ ಆಸ್ಪತ್ರೆಯಲ್ಲೇ ಇರುತ್ತದೆ. ಬೇರೆ ಡಾಕ್ಟರ್ ನೋಡಬೇಕಾದರೆ ಯಾವ ಉದ್ದೇಶಕ್ಕೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗಿನ ದಾಖಲೆ, ಎಷ್ಟು ದಿನ ಎಂದು ನಿಮ್ಮ ಆ್ಯಪ್‌ಗೆ ಕೋರಿಕೆ ಬರಬೇಕು, ನೀವು ಒಪ್ಪಬೇಕು. ವಿನ್ಯಾಸ ಚೆನ್ನಾಗಿದೆ. ಕಾಗದದ ಮೇಲೆ ಅಭಾ ಕಡ್ಡಾಯವೂ ಅಲ್ಲ. ಕೌಂಟರ್‌ನಲ್ಲಿ ಹೇಗೆ ನಡೆಯುತ್ತದೆ ಎಂದು ನೀವೇ ನೋಡಿದ್ದೀರಿ. 2021ರಲ್ಲಿ ಕೋವಿಡ್ ಲಸಿಕೆಗೆ ಆಧಾರ್ ಕೊಟ್ಟ ಎಷ್ಟೋ ಜನರಿಗೆ ಕೇಳದೆಯೇ ಹೆಲ್ತ್ ಐಡಿ ಆಗಿಬಿಟ್ಟಿತ್ತು.

ಚಿಂತೆ ಇರುವುದು ಬೇರೆ ಕಡೆ. ನಿಮ್ಮ ಆ್ಯಪ್‌ಗೆ ಬರುವ ಕೋರಿಕೆ ಹೊರಗಿನವರದ್ದು. ಆಸ್ಪತ್ರೆ ತನ್ನ ಬಳಿ ಇರುವುದನ್ನೇ ಗುರುತು ತೆಗೆದು ಯಾರಿಗಾದರೂ ಕೊಟ್ಟರೆ ನಿಮಗೆ ಯಾವ ಮೆಸೇಜೂ ಬರುವುದಿಲ್ಲ.

ಹೊಳೆದಂಡೆ · ಸೋಮವಾರ ಸಂಜೆ 5:40

ತೆಂಗು ಅವರೇ, ಎರಡು ದಿನದಿಂದ ನಿಮ್ಮ ತಾಯಿಯವರ ದಾಖಲೆ ಬಗ್ಗೆ ಎಲ್ಲರೂ ಮಾತಾಡುತ್ತಿದ್ದೇವೆ. ಅವರನ್ನ ಕೇಳಿದ್ರಾ?

ತಿಪಟೂರು ತೆಂಗು · ಸೋಮವಾರ ರಾತ್ರಿ 9:22

ಊಟಕ್ಕೆ ಕೂತಾಗ ಕೇಳಿದೆ. ಇದನ್ನೆಲ್ಲ ಹೇಳಿದ್ದಕ್ಕೆ, "ನನ್ನ ಸಕ್ಕರೆನ ಬೆಂಗ್ಳೂರೋರು ನೋಡ್ಲಿ, ಲಂಡನ್ನೋರು ನೋಡ್ಲಿ, ನಾಕು ಜನಕ್ಕೆ ಒಳ್ಳೇದಾದ್ರೆ ಆಗ್ಲಿ ಬಿಡಪ್ಪ" ಎಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಹೇಳಿದರು. ಹಿಂದೆ ಆದ ಒಂದು ಆಪರೇಷನ್ ವಿಷಯ (ಯಾವುದು ಅಂತ ಇಲ್ಲಿ ಬರೆಯಲ್ಲ, ಬೇಡ ಅಂದಿದ್ದಾರೆ) ನಮ್ಮ ಒಂದು ಬೀಗರ ಮನೆಗೆ ಗೊತ್ತಾಗಬಾರದಂತೆ. ಆ ಮನೆಯ ಹುಡುಗ ಅದೇ ಆಸ್ಪತ್ರೆಯ ಬಿಲ್ಲಿಂಗ್‌ನಲ್ಲಿದ್ದಾನೆ. ಅದಕ್ಕೇ ಅವರು ಯಾವಾಗಲೂ ಹಳೆಯ ಫೈಲ್ ತರುವುದು ಬೇಡ ಎನ್ನುತ್ತಿದ್ದರು. ನನಗೆ ಇಷ್ಟು ವರ್ಷ ಇದು ತಿಳಿದೇ ಇರಲಿಲ್ಲ.

ನಾನು ಲಂಡನ್, ದೆಹಲಿ ಎಂದು ಹೆದರುತ್ತಿದ್ದೆ. ಅವರ ಹೆದರಿಕೆ ಬಿಲ್ಲಿಂಗ್ ಕೌಂಟರ್‌ನದು.

ಮಂಡ್ಯದ ಮಗಳು · ಸೋಮವಾರ ರಾತ್ರಿ 9:31

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ನನ್ನದೂ ಅದೇ ಕಥೆ. ನನ್ನ ರಿಪೋರ್ಟ್ ನನಗಿಂತ ಮುಂಚೆ ನಮ್ಮ ಯಜಮಾನರ ಆಫೀಸಿಗೆ ಗೊತ್ತಾಗಿತ್ತು.

ಲಂಕಾಷೈರ್ ಕನ್ನಡಿಗ · ಸೋಮವಾರ ರಾತ್ರಿ 11:04

ಇದಕ್ಕೆ ಎಸ್ಟೋನಿಯಾದವರು ಮಾಡಿರುವುದು ನನಗೆ ತುಂಬಾ ಇಷ್ಟ. 13 ಲಕ್ಷ ಜನರ ಸಣ್ಣ ದೇಶ. ಅಲ್ಲಿ ರೋಗಿ ತಾನೇ ಲಾಗಿನ್ ಆಗಿ ತನ್ನ ದಾಖಲೆಯನ್ನು ಯಾರು, ಯಾವಾಗ ತೆರೆದು ನೋಡಿದರು ಎಂದು ನೋಡಬಹುದು. ಸಂಬಂಧವಿಲ್ಲದವರು ನೋಡಿದ್ದರೆ ದೂರು ಕೊಡಬಹುದು. ಬೀಗರ ಮನೆಯ ಹುಡುಗ ಮುಟ್ಟಿದರೆ ಹೆಸರು ಬರುತ್ತದೆ.

ತಿಪಟೂರು ತೆಂಗು · ಮಂಗಳವಾರ ಬೆಳಗ್ಗೆ 8:10

ಹಾಗಾದರೆ ನಾನೂ ನಮ್ಮ ಆಸ್ಪತ್ರೆಗೆ ಬರೆದುಕೊಟ್ಟು ಕೇಳಬಹುದಾ, ಯಾರು ಯಾರು ನೋಡಿದ್ದಾರೆ ಎಂದು?

ಕರಿಕೋಟು · ಮಂಗಳವಾರ ಬೆಳಗ್ಗೆ 8:34

ದಾಖಲೆಯ ನಕಲು ಕೇಳುವುದು ನಿಮ್ಮ ಹಕ್ಕು. ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯಕೀಯ ಮಂಡಳಿಯ 2002ರ ನಿಯಮವೇ ಹೇಳುತ್ತದೆ. ಯಾರಿಗೆ ಹಂಚಿದ್ದಾರೆ ಎಂದು ಕೇಳುವ ಹಕ್ಕು ಹೊಸ ಕಾಯಿದೆಯಲ್ಲಿ ಇದೆ, ಪೂರ್ತಿ ಜಾರಿಯಾದ ಮೇಲೆ. ಒಳಗಿನ ಸಿಬ್ಬಂದಿಯಲ್ಲಿ ಯಾರು ತೆರೆದು ನೋಡಿದರು ಎಂಬುದನ್ನು ಎಸ್ಟೋನಿಯಾದಂತೆ ರೋಗಿಗೆ ತೋರಿಸಲೇಬೇಕು ಎಂದು ಇಲ್ಲಿ ಇಲ್ಲ. ಆದರೂ ಬರೆದು ಕೇಳಿ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಸಂಶೋಧನೆಗೆ ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯುತ್ತೇನೆ ಅಥವಾ ಮುಂದುವರಿಸುತ್ತೇನೆ ಎಂದು ಅದೇ ಪತ್ರದಲ್ಲಿ ಅಮ್ಮನ ಸಹಿ ಜೊತೆ ಬರೆಯಿರಿ.

ತಿಪಟೂರು ತೆಂಗು · ಮಂಗಳವಾರ ಬೆಳಗ್ಗೆ 8:50

ಸಂಶೋಧನೆಗೆ ಮುಂದುವರಿಸಲಿ ಎಂದಿದ್ದಾರೆ ಅಮ್ಮ. ಬಿಲ್ಲಿಂಗ್‌ನವರಿಗೆ ಹಳೆಯ ಆಪರೇಷನ್ ಕಾಣದ ಹಾಗೆ ಮಾಡಿ ಎಂದು ಕೇಳುತ್ತೇವೆ.

ಸಾಲು-ಕಾಲಂ · ಮಂಗಳವಾರ ಬೆಳಗ್ಗೆ 9:26

ಅದು ಸಾಫ್ಟ್‌ವೇರ್‌ನಲ್ಲಿ ಆಗುವ ಕೆಲಸವೇ. ಬಿಲ್ಲಿಂಗ್‌ಗೆ ಇಷ್ಟು, ನರ್ಸ್‌ಗೆ ಇಷ್ಟು, ಡಾಕ್ಟರ್‌ಗೆ ಇಷ್ಟು ಎಂದು ಬಾಗಿಲು ಹಾಕಬಹುದು. ಯಾರು ತೆರೆದರು ಎಂಬ ಲಾಗ್ ಕೂಡ ಬಹುತೇಕ ಎಲ್ಲ ಸಾಫ್ಟ್‌ವೇರ್‌ಗಳಲ್ಲೂ ಇರುತ್ತದೆ. ನಾವು ಹಾಕಿಕೊಟ್ಟು ಬರುತ್ತೇವೆ. ಆರು ತಿಂಗಳು ಬಿಟ್ಟು ಹೋದರೆ ಎಲ್ಲರೂ ಒಂದೇ ಲಾಗಿನ್‌ನಲ್ಲಿ ಕೂತಿರುತ್ತಾರೆ, ಪಾಸ್‌ವರ್ಡ್ ಮಾನಿಟರ್‌ಗೆ ಅಂಟಿಸಿರುತ್ತದೆ.

ಬಿಸಿಬೇಳೆ · ಮಂಗಳವಾರ ಬೆಳಗ್ಗೆ 9:30

ಆಗ ಲಾಗ್‌ನಲ್ಲಿ ಯಾರ ಹೆಸರು ಬರುತ್ತೆ?

ಡಾ. ಮಾತ್ರೆ · ಮಂಗಳವಾರ ಬೆಳಗ್ಗೆ 9:41

"ಡ್ಯೂಟಿ1". ಹಗಲೂ ಅವನೇ, ರಾತ್ರಿಯೂ ಅವನೇ. ರಜೆಯನ್ನೇ ಹಾಕುವುದಿಲ್ಲ.